ಸಾಸವಡದ ದಾರಿಯಲ್ಲಿ ಫಾಲೋ-ಅಪ್

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ನಿಮಗೆ ಯಾರೂ ನಮಸ್ಕಾರ ಮಾಡುವುದಿಲ್ಲ.

ನಾನು ಪುಣೆಯಲ್ಲಿ ಮೂತ್ರರೋಗಗಳ ಸರ್ಜನ್ ಆಗಿದ್ದೆ. ಕಲ್ಲು, ಪ್ರಾಸ್ಟೇಟ್ ಎಲ್ಲ ಮಾಡಿದೆನಾದರೂ ನನ್ನ ಬಹುಪಾಲು ವರ್ಷಗಳು ಕಳೆದದ್ದು ಸ್ಟ್ರಿಕ್ಚರ್‌ನಲ್ಲಿ. ಗಂಡಸರ ಮೂತ್ರದ ದಾರಿ ಒಳಗಿನಿಂದ ಗಾಯವಾಗಿ, ಗಾಯ ಗಟ್ಟಿಯಾಗಿ, ದಾರಿಯೇ ಸೂಜಿತೂತಿನಷ್ಟು ಸಣ್ಣದಾಗುವ ರೋಗ ಅದು. ಗಿಡ್ಡ ಸ್ಟ್ರಿಕ್ಚರ್ ಆದರೆ ಆ ತುಂಡನ್ನು ಕತ್ತರಿಸಿ ಎರಡು ತುದಿ ಜೋಡಿಸಬಹುದು. ಉದ್ದದ್ದಾದರೆ ಕತ್ತರಿಸಿದ ಮೇಲೆ ತುದಿಗಳು ಒಂದಕ್ಕೊಂದು ಸಿಗುವುದಿಲ್ಲ. ಬೇರೆ ಎಲ್ಲಿಂದಲಾದರೂ ಬಟ್ಟೆ ತಂದು ತೇಪೆ ಹಾಕಬೇಕು. ಯಾವ ಬಟ್ಟೆ, ಎಲ್ಲಿಂದ, ಯಾವ ಬದಿಗೆ ಎಂದು ನಾವು ಸರ್ಜನ್‌ಗಳು ಆಯುಷ್ಯವಿಡೀ ಜಗಳಾಡಿದೆವು.

ರೋಗಿಗಳು ಜಗಳಾಡಲಿಲ್ಲ. ಅವರು ಯಾರಿಗೂ ಹೇಳಿಕೊಳ್ಳಲೂ ಇಲ್ಲ. ಮದುವೆಮನೆಗಳಲ್ಲಿ ನನ್ನ ಗೆಳೆಯನಾದ ಕಣ್ಣಿನ ಡಾಕ್ಟರನ ಸುತ್ತ ಜನ ಸೇರುತ್ತಿದ್ದರು. "ಡಾಕ್ಟರ್ ಸಾಹೇಬರ, ನಮ್ಮ ಅವ್ವಗ ನೀವ ಕಣ್ಣು ಕೊಟ್ರಿ" ಎನ್ನುತ್ತಿದ್ದರು. ನನ್ನ ಕೈಯಲ್ಲಿ ವಾಸಿಯಾದವನು ಅದೇ ಪಂಕ್ತಿಯಲ್ಲಿ ಕೂತಿದ್ದರೆ ಎಲೆಯ ಮೇಲಿನ ಕೋಸಂಬರಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದ. ನನ್ನ ಹೆಂಡತಿ ಸುಮತಿ ಒಮ್ಮೆ ಕೇಳಿದಳು: "ಇಷ್ಟು ಮಂದಿಯೊಳಗ ನಿಮ್ಮ ಪೇಶಂಟ್ ಒಬ್ಬಾಂವನೂ ಇಲ್ಲೇನ್ರಿ?"

"ಮೂರು ಜನ ಅದಾರ."

"ಮತ್ತ ಒಬ್ಬರೂ ಮಾತಾಡ್ಸಂಗಿಲ್ಲಲ್ಲ?"

"ಮಾತಾಡ್ಸಿದರ, ಇವರು ಹ್ಯಾಂಗ ಪರಿಚಯ ಅಂತ ಅವರ ಹೆಂಡ್ತಿ ಕೇಳ್ತಾಳ."

ಸುಮತಿ ನಕ್ಕಳು. ಆಮೇಲೆ ಆ ಮೂವರು ಯಾರಿರಬಹುದೆಂದು ಊಟ ಮುಗಿಯುವ ತನಕ ಹುಡುಕಿದಳು. ನಾನು ಹೇಳಲಿಲ್ಲ. ಅವಳು ತೀರಿಕೊಂಡ ಮೇಲೆ ಮದುವೆಗಳಿಗೆ ಹೋಗುವುದನ್ನು ಬಿಟ್ಟೆ. ಶಿವಾಜಿನಗರದ ಈ ಫ್ಲ್ಯಾಟಿನಲ್ಲಿ ಈಗ ನಾನು, ನನ್ನ ದಿನಚರಿ, ಕೆಳಗೆ ಬಸ್ಸುಗಳ ಸದ್ದು.

ದಿನಚರಿ ಬರೆಯುವವನಾದರೂ ನೆನಪಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಮುಂದೆ ಹೇಳುವ ಬಕೆಟ್ ಹಿತ್ತಾಳೆಯದೆಂದು ನನ್ನ ನೆನಪು. ವಾರ್ಡಿನ ಹಳೆಯ ಸಿಸ್ಟರ್ ಸಿಕ್ಕಾಗ ಕೇಳಿದೆ. "ಹಿತ್ತಾಳೆ ಎಲ್ಲಿಂದ ಬರಬೇಕು ಸರ್, ತಗಡಿನದು" ಎಂದಳು. ಅವಳ ಮಾತೇ ಸರಿಯಿರಬೇಕು. ಬಡ ಆಸ್ಪತ್ರೆಯ ಬಕೆಟ್ಟನ್ನು ಹಿತ್ತಾಳೆ ಮಾಡಿದ್ದು ನಾನೇ.

ಆ ಬಕೆಟ್ ನಮ್ಮ ಮುಖ್ಯಸ್ಥರದು. ಅವರನ್ನು ಎಲ್ಲರೂ 'ಮೋಠೇ ಸರ್', ಅಂದರೆ ದೊಡ್ಡ ಸರ್, ಎನ್ನುತ್ತಿದ್ದರು. ಮೂತ್ರದ ವೇಗ ಅಳೆಯುವ ಯಂತ್ರ ಬರುವ ಮೊದಲು ಅವರು ರೋಗಿಯನ್ನು ಪರದೆಯ ಹಿಂದೆ ಬಕೆಟ್ಟಿನ ಮುಂದೆ ನಿಲ್ಲಿಸಿ, ಈಚೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, "ಐಕ. ಪಾವೂಸ ಆಹೇ ಕೀ ಗಳತೀ?" ಎನ್ನುತ್ತಿದ್ದರು. ಕೇಳು, ಮಳೆಯೋ, ಸೋರಿಕೆಯೋ? ಆರೋಗ್ಯವಂತನದು ಮಳೆ. ಸ್ಟ್ರಿಕ್ಚರಿನವನದು ಹಳೆಯ ಮಾಳಿಗೆಯಿಂದ ತೊಟ್ಟಿಕ್ಕುವ ಹಾಗೆ. ಮುಗಿಯಿತು ಎನ್ನುವಾಗ ಮತ್ತೆ ಒಂದು ಹನಿ. ಯಂತ್ರ ಬಂದ ಮೇಲೆ ಅದು ಕಾಗದದ ಮೇಲೆ ಗೆರೆ ಬಿಡಿಸುತ್ತಿತ್ತು. ಮಳೆಗೆ ಗುಡ್ಡದಂಥ ಗೆರೆ, ಸೋರಿಕೆಗೆ ಮೇಜಿನಂತೆ ಚಪ್ಪಟೆ ಗೆರೆ. ನಾನು ಗೆರೆ ನೋಡುತ್ತಾ ಕಿವಿಯನ್ನೂ ಪರದೆಯ ಕಡೆಗೇ ಇಟ್ಟಿರುತ್ತಿದ್ದೆ. ಆ ಚಟ ಹೋಗಲೇ ಇಲ್ಲ.

ಮೋಠೇ ಸರ್ ಕಾಲಕ್ಕೆ ಹೆಚ್ಚಿನ ಚಿಕಿತ್ಸೆಯೆಂದರೆ ಸ್ಟೀಲಿನ ಬಾಗಿದ ಸಲಾಕೆಗಳು. ಸಣ್ಣದರಿಂದ ಶುರುಮಾಡಿ ದಪ್ಪದ ತನಕ ಒಂದೊಂದಾಗಿ ಒಳಗೆ ತೂರಿಸಿ ದಾರಿ ಅಗಲ ಮಾಡುವುದು. ಕೆಲವು ತಿಂಗಳಿಗೆ ದಾರಿ ಮತ್ತೆ ಕಟ್ಟಿಕೊಳ್ಳುತ್ತಿತ್ತು, ರೋಗಿ ಮತ್ತೆ ಬರುತ್ತಿದ್ದ. ಆಮೇಲೆ ಕ್ಯಾಮರಾ ಇಟ್ಟುಕೊಂಡು ಒಳಗಿನಿಂದಲೇ ಸೀಳುವ ಚಾಕು ಬಂತು. ಗಿಡ್ಡ ಸ್ಟ್ರಿಕ್ಚರಿಗೆ ಒಂದು ಸಲ ಸರಿ. ಉದ್ದದ್ದಕ್ಕೆ ಅದನ್ನು ಮತ್ತೆ ಮತ್ತೆ ಮಾಡಿದರೆ ಗಾಯದ ಮೇಲೆ ಗಾಯ. ಮುಂದೆ ಅಲ್ಲಿಯದೇ ಚರ್ಮವನ್ನು ರಕ್ತನಾಳ ಸಮೇತ ತಿರುಗಿಸಿ ತೇಪೆ ಹಾಕಲು ಕಲಿತೆವು. ನೋಡಲು ಬಹಳ ಚೆಂದದ ಕೆಲಸ. ಆದರೆ ಚರ್ಮ ಒದ್ದೆಯಲ್ಲಿರಲು ಹುಟ್ಟಿದ್ದಲ್ಲ. ಅದು ಸಡಿಲವಾಗಿ ಜೋಳಿಗೆಯಾಗುತ್ತದೆ, ಪ್ಯಾಂಟು ಏರಿಸಿದ ಮೇಲೆ ತೊಟ್ಟಿಕ್ಕುತ್ತದೆ. ಕೊನೆಗೆ ಬಾಯಿಗೆ ಬಂದೆವು. ಕೆನ್ನೆಯ ಒಳಪದರು ದಪ್ಪ, ಕೂದಲಿಲ್ಲ, ಸದಾ ಒದ್ದೆಯಲ್ಲಿದ್ದು ಅಭ್ಯಾಸ. ಅದನ್ನು ತೆಗೆದು ಮೂತ್ರದ ದಾರಿಗೆ ಹೊಲಿದರೆ ಅಲ್ಲೇ ಹುಟ್ಟಿದ ಹಾಗೆ ಇದ್ದುಬಿಡುತ್ತದೆ. ದಾರಿಯನ್ನು ಒಂದೇ ಬದಿಯಿಂದ ಬಿಡಿಸಿ, ಇನ್ನೊಂದು ಬದಿಯ ರಕ್ತಸಂಚಾರ ಮುಟ್ಟದೆ, ದಾರಿಯ ಬೆನ್ನಿಗೆ ಕೆನ್ನೆಯ ತೇಪೆ ಇಡುವ ಪದ್ಧತಿ ಬಂದಾಗ ನನ್ನ ಕೈಗೆ ಅದು ಹೇಳಿ ಮಾಡಿಸಿದಂತಿತ್ತು. ನಾನು ಯಾವುದರಲ್ಲಾದರೂ ಚೆನ್ನಾಗಿದ್ದೆ ಎಂದಾದರೆ ಇದರಲ್ಲಿ.

ಇದರಲ್ಲೇ ನಗೆಗೀಡಾದದ್ದೂ ಉಂಟು. ಆರಂಭದ ದಿನಗಳಲ್ಲಿ ಒಬ್ಬ ಲಾರಿ ಡ್ರೈವರನನ್ನು ಮಲಗಿಸಿ, ಕೆಳಗೆ ದಾರಿಯೆಲ್ಲ ಬಿಚ್ಚಿಟ್ಟು, ಬಾಯಿ ತೆರೆಸಿ ನೋಡಿದರೆ ಕೆನ್ನೆಯ ಒಳಗೆ ಪದರೇ ಇಲ್ಲ. ಗುಟಕಾ ತಿಂದು ತಿಂದು ಬೆಳ್ಳಗೆ ಬಿರುಸಾಗಿ ಹಳೆಯ ಚಪ್ಪಲಿಯ ತೊಗಲಿನಂತೆ ಆಗಿತ್ತು. ಬಟ್ಟೆ ತರದೆ ಅಂಗಿ ಹೊಲಿಯಲು ಕೂತ ದರ್ಜಿ ನಾನು. ಅಂದು ನಾಲಿಗೆಯ ಕೆಳಗಿನ ಪದರು ನಮ್ಮನ್ನು ಉಳಿಸಿತು. ಆವತ್ತಿನಿಂದ ನನ್ನ ಓಪಿಡಿಯಲ್ಲಿ ಮೊದಲ ಪರೀಕ್ಷೆ ಬಾಯಿಯದು. ಪುಣೆಯ ಕ್ಯಾಂಪ್ ಬಡಾವಣೆಯ ಅಂಗಡಿಕಾರನೊಬ್ಬ ಸಿಟ್ಟಾಗಿದ್ದ: "ಡಾಕ್ಟರ್, ರೋಗ ತಳಮಜಲಿನ್ಯಾಗ ಅದ. ನೀವು ಗಚ್ಚಿ ಮ್ಯಾಲೆ ಹತ್ತಿ ಏನು ಹುಡುಕಾಕತ್ತೀರಿ?"

ಇನ್ನು ಫಲಿತಾಂಶದ ಮಾತು. ಯಾವ ಪದ್ಧತಿ ಮೇಲು ಎಂದು ಹೇಗೆ ಗೊತ್ತಾಗಬೇಕು? ಮೋಠೇ ಸರ್ ಅವರ ಸೂತ್ರ ಸರಳವಾಗಿತ್ತು: "ಜೋ ಆಲಾ ನಾಹೀ, ತೋ ಬರಾ ಝಾಲಾ." ಬರದೇ ಇದ್ದವನು ಗುಣವಾದ. ನಾವೂ ಹಾಗೇ ನಂಬಿದೆವು. ಈ ರೋಗದಲ್ಲಿ ಮುಕ್ಕಾಲು ಜನ ಬರುವುದೇ ಇಲ್ಲ. ಕೊಡುವ ವಿಳಾಸವೂ ಅರ್ಧ ಸುಳ್ಳು. ಮನೆಗೆ ಆಸ್ಪತ್ರೆಯ ಕಾಗದ ಬಂದೀತೆಂಬ ಹೆದರಿಕೆ. ಎರಡು ಹಂತದ ಆಪರೇಷನ್‌ನಲ್ಲಿ ಮೊದಲ ಹಂತಕ್ಕೆ ದಾರಿ ಬಿಚ್ಚಿ ತೇಪೆ ಹಾಸಿ, ಮೂತ್ರಕ್ಕೆ ಕೆಳಗೆ ತಾತ್ಕಾಲಿಕ ಬಾಯಿ ಇಟ್ಟು ಕಳಿಸುತ್ತೇವೆ. ಅರ್ಧ ವರ್ಷ ಕಾದು ಎರಡನೇ ಹಂತದಲ್ಲಿ ಮುಚ್ಚುತ್ತೇವೆ. ಎಷ್ಟೋ ಜನ ಮೊದಲ ಹಂತ ಮುಗಿಸಿಕೊಂಡು ಹೋದವರು ಎರಡನೆಯದಕ್ಕೆ ಬರಲೇ ಇಲ್ಲ. ಬೇಸತ್ತರೋ, ಇಷ್ಟೇ ಸಾಕೆಂದರೋ? ಅವರನ್ನು ಗುಣವಾದವರ ಲೆಕ್ಕಕ್ಕೆ ಸೇರಿಸಬೇಕೋ ಆಗದವರ ಲೆಕ್ಕಕ್ಕೋ ನನಗೆ ತಿಳಿಯುತ್ತಿರಲಿಲ್ಲ.

ಭೀಮರಾವ್ ಬಂದದ್ದು ಈ ಗೊಂದಲದ ನಡುವೆ. ಹೆಸರು ಅದಲ್ಲ, ಹಾಗೆ ಕರೆಯುತ್ತೇನೆ. ವಿಜಯಪುರ ಕಡೆಯವರು, ಶಿವಾಜಿನಗರದ ಕೋರ್ಟಿನಲ್ಲಿ ಗುಮಾಸ್ತರು. ಇಸ್ತ್ರಿ ಮಾಡಿದ ಪ್ಯಾಂಟು, ಬಗಲಲ್ಲಿ ಛತ್ರಿ, ಜೊತೆಗೆ ಹೆಂಡತಿ ಶಾಂತಾಬಾಯಿ. ಹೆಂಡತಿಯನ್ನು ಒಳಗೆ ಕರೆದುಕೊಂಡು ಬಂದ ಮೊದಲ ಸ್ಟ್ರಿಕ್ಚರ್ ರೋಗಿ ಅವರೇ ಎಂದು ಬರೆಯಹೊರಟಿದ್ದೆ. ಮೊದಲನೆಯವರೋ ಅಲ್ಲವೋ, ಬೇರೆ ಯಾರೂ ಈಗ ನೆನಪಿಗೆ ಬರುತ್ತಿಲ್ಲ.

ಕೆಳಗೆ ಚರ್ಮವನ್ನು ಬೆಳ್ಳಗೆ ಬಿರುಸು ಮಾಡುವ ಒಂದು ರೋಗ (ತೊನ್ನಲ್ಲ) ಹಬ್ಬಿ ದಾರಿ ತುದಿಯಿಂದ ಬುಡದ ತನಕ ಕಟ್ಟಿತ್ತು. ಆ ರೋಗವಿದ್ದಲ್ಲಿ ಅಲ್ಲಿಯ ಚರ್ಮ ಬಳಸುವಂತಿಲ್ಲ. ತೇಪೆಗೂ ಅದೇ ರೋಗ ತಗಲುತ್ತದೆ. ಬಾಯಿ ನೋಡಿದೆ. ಒಂದು ಎಲೆಯಡಿಕೆ ಸಹ ಕಾಣದ ಕೆನ್ನೆಗಳು, ಎರಡೂ ಕಡೆ ಹೊಳೆಯುವ ಗುಲಾಬಿ ಪದರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡಲೂ ಇಲ್ಲ ಅನಿಸುತ್ತದೆ.

"ಭಾಳ ಛಲೋ ಬಾಯಿ ಅದ ನಿಮ್ಮದು."

"ಹಾಡೂ ಬಾಯಿ ಅದರೀ ಅದು" ಎಂದರು ಶಾಂತಾಬಾಯಿ.

ಆಗ ವಿಷಯ ಹೊರಬಂತು. ಪ್ರತಿವರ್ಷ ಪಂಢರಪುರಕ್ಕೆ ನಡೆದುಹೋಗುವ ವಾರಿ ಎಂಬ ಯಾತ್ರೆಯ ಪಾಲಖಿ ಪುಣೆಯಿಂದ ಹೊರಡುವಾಗ ಭೀಮರಾವ್ ಒಂದು ದಿಂಡಿಯ, ಅಂದರೆ ಭಜನೆಯ ತಂಡದ, ಜೊತೆ ಸಾಸವಡದ ತನಕ ನಡೆಯುತ್ತಿದ್ದರು. ಅಷ್ಟಕ್ಕೇ ರಜೆ ಸಿಗುತ್ತಿತ್ತು. ಸಾಸವಡದಿಂದ ಬಸ್ಸು ಹಿಡಿದು ಮರಳಿ ಕೋರ್ಟಿಗೆ. ಆ ದಾರಿಯಲ್ಲಿ ಮೊದಲ ದನಿ ಅವರದು. ಅವರು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು.

"ಈಗ ಹೋಗೂದು ಬಿಟ್ಟೀನ್ರಿ" ಎಂದರು ಭೀಮರಾವ್. "ಎಲ್ಲಾರೂ ದಾರಿ ಬದಿಗೆ ಹೋಗಿ ಎದ್ದು ಬರತಾರ. ನಾ ಇನ್ನೂ ಅಲ್ಲೇ ತಿಣಕತಿರ್ತೀನಿ. ಹೊರಗ ಬಂದು ನೋಡಿದರ ದಿಂಡಿ ಹೋಗಿಬಿಟ್ಟಿರ್ತದ. ಒಂದ್ಸಲ ಓಡಿ ಹಿಡದೆ. ಕಡೀ ಸಲ ಹಡಪಸರದಿಂದನ ಹೊಳ್ಳಿ ಬಂದೆ. ಅವರು ಹಾಡೂದು ದೂರಕ್ಕ ಕೇಳತಿತ್ತು, ನಾ ಉಲ್ಟಾ ನಡೀತಿದ್ದೆ."

"ದಿಂಡಿಯವರಿಗೆ ಹೇಳಿಲ್ಲೇನು?"

"ಏನಂತ ಹೇಳ್ಲಿರಿ? ಅಲ್ಲಿ ಯಾರೂ ಯಾರ ಹೆಸರೂ ಕೇಳಂಗಿಲ್ಲ. ಎಲ್ಲಾರಿಗೂ ಮಾವುಲಿ ಅಂತಾರ, ತಾಯಿ ಅಂದಂಗ. ಎದುರ ಬಂದಾವರ ಕಾಲು ಮುಟ್ಟತಾರ. ಅಂಥಲ್ಲಿ ನಂದೊಂದು ಉಚ್ಚಿ ಪುರಾಣ ತೆಗೀಲೇನು?"

ನಾನು ಮೂರು ಮಾರ್ಗ ಹೇಳಿದೆ. ಒಂದು, ಎರಡೂ ಕೆನ್ನೆಯಿಂದ ಪದರು ತೆಗೆದು ಒಂದೇ ಸಲಕ್ಕೆ ಇಡೀ ದಾರಿ ಕಟ್ಟುವುದು. ಎರಡು, ಅದನ್ನೇ ಎರಡು ಹಂತದಲ್ಲಿ ಮಾಡುವುದು. ಮೂರನೆಯದನ್ನು ಹೇಳುವಾಗ ದನಿ ತಗ್ಗಿಸಿದೆ. ಮುಂದಿನ ದಾರಿಯ ಗೋಜಿಗೇ ಹೋಗದೆ ವೃಷಣದ ಹಿಂದೆ ಹೊಸ ಬಾಯಿ ಮಾಡಿಬಿಡುವುದು. ಚಿಕ್ಕ ಆಪರೇಷನ್, ಮತ್ತೆ ಕಟ್ಟುವ ಸಂಭವ ಕಡಿಮೆ. ಆದರೆ...

"ಆದರ?"

"ಮುಂದ ಆಯುಷ್ಯಪೂರ್ತಿ ಕೂತೇ ಮಾಡಬೇಕಾಗ್ತದ. ನಿಂತು ಆಗೂದಿಲ್ಲ."

ನನ್ನ ಪುಸ್ತಕಗಳು, ನನ್ನ ಗುರುಗಳು, ನಾನು, ಎಲ್ಲರೂ ಇದನ್ನು ಸೋತವರ ಆಪರೇಷನ್ ಎಂದು ತಿಳಿದಿದ್ದೆವು. ಮುದುಕರಿಗೆ, ಎಲ್ಲ ಕೆಟ್ಟವರಿಗೆ. ಗಂಡಸಿಗೆ ನಿಲ್ಲಲಾಗದು ಎಂದು ಹೇಳುವಾಗ ನಾವು ಪೆನ್ನು ನೋಡುತ್ತಾ ಹೇಳುತ್ತಿದ್ದೆವು.

ಭೀಮರಾವ್ ಹೆಂಡತಿಯ ಮುಖ ನೋಡಿದರು. ಇಬ್ಬರೂ ನಗತೊಡಗಿದರು.

"ಸಾಹೇಬ್ರ, ನಮ್ಮೂರಾಗ ನಿಂತು ಮಾಡೂದು ದನ ಅಷ್ಟರಿ."

"ಕೋರ್ಟಿನ್ಯಾಗ?"

"ಅಲ್ಲಿ ಬಾಗಲಾ ಇರೂ ಸಂಡಾಸ ಅದ. ವಾರಿಯೊಳಗ ಧೋತರ ಉಟ್ಟಾವ್ರು ಎಲ್ಲಾರೂ ಕುಂತ ಮಾಡತಾರ. ನಾ ಒಬ್ಬಾಂವ ನಿಂತರ ಅದೇ ನಾಚಿಗ್ಗೇಡು."

ನನಗೆ ನನ್ನ ಅಜ್ಜ ನೆನಪಾದರು. ಧಾರವಾಡದ ಮನೆಯ ಹಿತ್ತಿಲಲ್ಲಿ ಜನಿವಾರ ಕಿವಿಗೆ ಸುತ್ತಿ ಕುಕ್ಕರಗಾಲಲ್ಲಿ ಕೂರುತ್ತಿದ್ದವರು. ಶಾಲೆಯಿಂದ ಬಂದ ನಾನು ಗೋಡೆಗೆ ನಿಂತಿದ್ದಾಗ, "ಎಮ್ಮಿ ಏನೋ ನೀನು?" ಎಂದು ಬೈದದ್ದೂ ನೆನಪಾಯಿತು. ಅಜ್ಜ ನಿಜವಾಗಿ ಹಾಗೆಂದರೋ, ಭೀಮರಾವ್ ಮಾತು ಕೇಳಿದ ಮೇಲೆ ನಾನು ಅಜ್ಜನ ಬಾಯಿಗೆ ಎಮ್ಮೆಯನ್ನು ಕಟ್ಟಿದೆನೋ, ಆಣೆ ಮಾಡಲಾರೆ. ಅವರು ಕೂರುತ್ತಿದ್ದದ್ದು ಮಾತ್ರ ಖಂಡಿತ.

ಆದರೂ ಬಿಡಲಿಲ್ಲ ನಾನು. ಅಂಥ ಕೆನ್ನೆ ಸಿಕ್ಕಿತ್ತು. ಬಾಯಿ ಗಾಯ ಬೇಗ ಮಾಯುತ್ತದೆ, ಸ್ವಲ್ಪ ದಿನ ಬಿಗಿತ ಇರುತ್ತದೆ, ಹೆಚ್ಚಿನವರಿಗೆ ಸರಿಹೋಗುತ್ತದೆ ಎಂದೆ.

"ಹೆಚ್ಚಿನವರು ಹಾಡತಾರೇನ್ರಿ?" ಎಂದು ಕೇಳಿದರು ಭೀಮರಾವ್.

ರೋಗಿ ಊಟ ಮಾಡುತ್ತಾನೆಯೇ, ಬಾಯಿ ತೆರೆಯುತ್ತಾನೆಯೇ ಎಂದು ನಾವು ಕೇಳುತ್ತಿದ್ದೆವು. ಹಾಡುತ್ತಾನೆಯೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

"ಹಾಡು ಬಿಟ್ಟರ ಈ ಮನಷ್ಯಾ ಮನ್ಯಾಗ ಕುಂತು ನನ್ನ ತಲಿ ತಿಂತಾನ್ರಿ" ಎಂದರು ಶಾಂತಾಬಾಯಿ. "ಅದೊಂದು ರೋಗಕ್ಕ ನಿಮ್ಮಲ್ಲಿ ಆಪರೇಷನ್ ಇಲ್ಲ."

ಮೂರನೆಯದನ್ನೇ ಮಾಡಿದೆ. ಕೈಗೆ ನಿರಾಸೆಯಾಯಿತೆಂದರೆ ಸುಳ್ಳಲ್ಲ. ಆಗಲೇ ನಿವೃತ್ತರಾಗಿದ್ದ ಮೋಠೇ ಸರ್ ಕೇಳಿ, "ಇಷ್ಟು ವರ್ಷ ಹೊಲಿಗೆ ಕಲಿತು ಕಡೆಗೆ ಒಂದು ಕಾಜಾ ಮಾಡಿ ಕಳಿಸಿದೆಯಾ?" ಎಂದು ಮರಾಠಿಯಲ್ಲಿ ಛೇಡಿಸಿದರು. ಆಪರೇಷನ್ನಿನಲ್ಲಿ ಇಟ್ಟಿದ್ದ ಮೂತ್ರದ ನಳಿಕೆ ತೆಗೆದ ದಿನ ಭೀಮರಾವ್ ಒಳಗಿನ ಸಂಡಾಸಿಗೆ ಹೋದರು. ನಾನು ಬಾಗಿಲ ಈಚೆ ನಿಂತೆ. ಮಳೆ. ಹೊರಗೆ ಬಂದವರು ಕೈ ಮುಗಿದು, ಆಮೇಲೆ ಬರುತ್ತೇನೆ ಎಂದರು. ಬರಲಿಲ್ಲ. ಕೊಟ್ಟ ಫೋನ್ ನಂಬರಿನಲ್ಲಿ ಬೇರೆ ಯಾರೋ ಎತ್ತಿದರು.

ಹಲವು ವರ್ಷಗಳಾದ ಮೇಲೆ, ನನ್ನ ನಿವೃತ್ತಿಯ ದಿನ, ಡಿಪಾರ್ಟ್‌ಮೆಂಟಿನಲ್ಲಿ ಒಂದು ಉಪನ್ಯಾಸ ಇಟ್ಟುಕೊಂಡಿದ್ದರು. ಚರ್ಮದ ತೇಪೆ, ಕೆನ್ನೆಯ ತೇಪೆ, ಎರಡು ಹಂತ, ಹಿಂದಿನ ಬಾಯಿ ಎಂದು ಎಲ್ಲ ಪದ್ಧತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾತಾಡಿದೆ. ಕೆನ್ನೆಯ ಪರವಾಗಿ ಹೆಚ್ಚು ಮಾತಾಡಿದೆ. ಚಪ್ಪಾಳೆ ಆಯಿತು. ಹಿಂದಿನ ಸಾಲಿನಿಂದ ಹೊಸದಾಗಿ ಸೇರಿದ ಅನಘಾ ಎಂಬ ಹುಡುಗಿ ಎದ್ದಳು.

"ಸರ್, ಬರದೇ ಇದ್ದವರನ್ನ ಹುಡುಕಿದಿರಾ?"

ಸಭೆ ನಕ್ಕಿತು. ನಾನೂ ನಕ್ಕು ಮೋಠೇ ಸರ್ ಅವರ ಸೂತ್ರ ಹೇಳಿದೆ. ಅವಳು ನಗಲಿಲ್ಲ. ನಿಮ್ಮಂಥವರಿಗಾಗಿ ಇದನ್ನು ಬರೆಯಲು ಕೂತದ್ದು ಅವಳು ನಗಲಿಲ್ಲವೆಂದೇ ಇರಬೇಕು.

ನಿವೃತ್ತನಿಗೆ ಬೇರೇನು ಕೆಲಸ? ಬರದವರಲ್ಲಿ ಎಲ್ಲಿ ಸಿಗಬಹುದೆಂದು ನನಗೆ ಗೊತ್ತಿದ್ದವರು ಒಬ್ಬರೇ. ಅದೂ ವಾಸಿಯಾಗಿದ್ದರೆ ಮಾತ್ರ ಸಿಗುವವರು. ಮತ್ತೆ ಕಟ್ಟಿಕೊಂಡಿದ್ದರೆ ಮನೆಯಲ್ಲಿರುತ್ತಾರೆ. ಪಾಲಖಿ ಪುಣೆ ಬಿಡುವ ದಿನ ಬೆಳಗ್ಗೆ, ರಸ್ತೆ ಮುಚ್ಚುವ ಮೊದಲು, ಬಸ್ಸು ಹಿಡಿದು ಸಾಸವಡಕ್ಕೆ ಹೋದೆ. ಊರ ಹೊರಗೆ, ಘಾಟ್ ಹತ್ತಿ ಬರುವ ರಸ್ತೆಯ ಪಕ್ಕ, ಒಂದು ಚಹದ ಅಂಗಡಿಯ ಬೆಂಚಿನ ಮೇಲೆ ಕೂತೆ.

ಮಧ್ಯಾಹ್ನದಿಂದ ದಿಂಡಿಗಳು ಬರತೊಡಗಿದವು. ತಾಳ, ಮೃದಂಗ, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು, ಬಿಳಿ ಟೋಪಿಗಳು. ಟೋಪಿಯ ಕೆಳಗೆ ಎಲ್ಲ ಮುಖಗಳೂ ಒಂದೇ ಥರ ಕಾಣುತ್ತಿದ್ದವು. ಭೀಮರಾವ್ ಅವರ ಮುಖ ನನಗೆ ಮರೆತೇಹೋಗಿದೆ ಎಂಬುದು ಅಲ್ಲಿ ಕೂತ ಮೇಲೆ ತಿಳಿಯಿತು. ನೆನಪಿದ್ದದ್ದು ಕೆನ್ನೆಯ ಒಳಬದಿ. ನಡೆದುಹೋಗುವವರನ್ನು ನಿಲ್ಲಿಸಿ ಬಾಯಿ ತೆರೆಸಲಾದೀತೆ?

ಬಿಸಿಲು ಇಳಿಯುವ ಹೊತ್ತಿಗೆ ಒಂದು ದನಿ ಕೇಳಿತು. ಮರಾಠಿ ಅಭಂಗ, ಆದರೆ ಸ್ವರ ಎಳೆಯುವ ರೀತಿ ನಮ್ಮ ಕಡೆಯದು, ದಾಸರ ಪದ ಹಾಡಿ ಪಳಗಿದ ಗಂಟಲು. ದಿಂಡಿ ಅಂಗಡಿಯ ಮುಂದೆ ಬಂದು ನಿಂತಿತು. ತಾಳ ಕೆಳಗಿಟ್ಟು ಹತ್ತಾರು ಗಂಡಸರು ರಸ್ತೆ ದಾಟಿ, ಆಚೆಯ ಜಾಲಿ ಪೊದೆಗಳ ಮರೆಗೆ ಧೋತರ ಎತ್ತಿಕೊಂಡು ಸಾಲಾಗಿ ಕೂತರು. ಹಾಡಿದವರೂ ಹೋದರು. ನಾನು ಸಭ್ಯನಂತೆ ಚಹದ ಲೋಟದೊಳಗೆ ನೋಡಿದೆ. ದೂರವಿತ್ತು, ಕಿವಿಗೂ ಏನೂ ಸಿಗುವಂತಿರಲಿಲ್ಲ. ತಲೆ ಎತ್ತಿದಾಗ ಹಾಡಿದವರು ಆಗಲೇ ಎದ್ದು ರಸ್ತೆ ದಾಟುತ್ತಿದ್ದರು. ಅವರ ಬದಿಗೆ ಕೂತಿದ್ದ ಇಬ್ಬರು ಮುದುಕರು ಇನ್ನೂ ಎದ್ದಿರಲಿಲ್ಲ.

ಅಂಗಡಿಯ ಕೊಡದಿಂದ ಕೈಗೆ ನೀರು ಹಾಕಿಕೊಳ್ಳಲು ಬಂದವರು ನನ್ನನ್ನು ನೋಡಿದರು. ನೋಡುತ್ತಾ ನಿಂತರು. ನಾನು ಎದ್ದು ನಿಂತೆ. ಹಾಡುತ್ತೀರಲ್ಲ ಎಂದು ಹೇಳಬೇಕೆಂದಿದ್ದೆ.

ಜೊತೆಯವನೊಬ್ಬ ಕೇಳಿದ: "ಕೋಣ ರೇ? ಓಳಖೀಚೇ ಕಾಯ?" ಯಾರೋ, ಪರಿಚಯದವರೇನು?

"ನಾಹೀ ರೇ" ಎಂದರು ಅವರು. "ಮಾವುಲೀ ಆಹೇತ." ಇಲ್ಲಪ್ಪ, ಇವರು ಮಾವುಲಿ.

ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಲ್ಲಿಯ ರೂಢಿಯಂತೆ ನಾನೂ ಬಗ್ಗಿ ಅವರ ಕಾಲು ಮುಟ್ಟಬೇಕು. ನನ್ನ ಮೊಣಕಾಲು ಮಣಿಯುವಷ್ಟರಲ್ಲಿ ಅವರು ದಿಂಡಿಯ ಮುಂದಕ್ಕೆ ಹೋಗಿ ಹಾಡು ಎತ್ತಿಕೊಟ್ಟಾಗಿತ್ತು.

ಅದು ಭೀಮರಾವ್ ಹೌದೋ ಅಲ್ಲವೋ ಎಂದು ಅನಘಾ ಕೇಳಿದರೆ ನನ್ನಲ್ಲಿ ಪುರಾವೆಯಿಲ್ಲ. ಎದುರು ಬಂದವರ ಕಾಲು ಮುಟ್ಟುವುದು ಆ ದಾರಿಯಲ್ಲಿ ಎಲ್ಲರೂ ಮಾಡುವ ಕೆಲಸ. ಅವರ ಹಿಂದೆಯೇ ಜೊತೆಯವನೂ ಮುಟ್ಟಿದ. ಅವನ ಹಿಂದಿನವನೂ ಮುಟ್ಟಿದ. ನಾನು ರಸ್ತೆ ಬದಿಗೇ ನಿಂತುಬಿಟ್ಟಿದ್ದರಿಂದ ಆಮೇಲೆ ಬಂದ ದಿಂಡಿಗಳ ಗಂಡಸರೂ ಒಬ್ಬೊಬ್ಬರಾಗಿ ಬಗ್ಗಿ, ಮಾವುಲೀ ಎನ್ನುತ್ತಾ, ಮುಟ್ಟಿ ಮುಂದೆ ಹೋದರು. ಅವರಲ್ಲಿ ನನ್ನ ರೋಗಿಗಳು ಇನ್ನೆಷ್ಟು ಜನ ಇದ್ದರೋ ಗೊತ್ತಾಗಲಿಲ್ಲ. ಕತ್ತಲಾಗುವ ತನಕ ನಿಂತಿದ್ದೆ.